ಬಂದೂಕೋ, ಬೆಳಕೋ?

ಶಾಲೆಗೆ ಬಂದೂಕಿನ ಕಾವಲು ಬೇಕೆ? ಅಮೆರಿಕದಲ್ಲಿ ಈ ಪ್ರಶ್ನೆ ಎದ್ದುದು ಮನುಷ್ಯರ ಕ್ರೌರ್ಯದಿಂದ. ನಮ್ಮ ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಮಕ್ಕಳ ಭಯಕ್ಕೆ ಕಾರಣವಾದುದು ಚಿರತೆ. 2022ರ ಅಕ್ಟೋಬರಿನಿಂದ 2023ರ ಜನವರಿಯೊಳಗೆ ಈ ತಾಲ್ಲೂಕಿನಲ್ಲಿ ನಾಲ್ವರು ಅದರ ಬಾಯಿಗೆ ತುತ್ತಾದರು; ಅವರಲ್ಲಿ ಇಬ್ಬರು ಕಾಲೇಜು ವಿದ್ಯಾರ್ಥಿಗಳು, ಒಬ್ಬನು ಬಾಲಕ. ಕಂಡಲ್ಲಿ ಗುಂಡಿಕ್ಕಲು ಅಪ್ಪಣೆಯೂ ಆಯಿತು. ಆದರೆ ಯಾರೂ ತರಗತಿಯಲ್ಲಿ ಸಾಯಲಿಲ್ಲ. ವಿದ್ಯಾರ್ಥಿನಿಯು ಬಲಿಯಾದುದು ಸಂಜೆಗತ್ತಲಲ್ಲಿ, ಮನೆಯ ಹಿತ್ತಿಲಲ್ಲಿ. ಬಾಲಕನು ಅಂಗಡಿಗೆ ಹೋದ ಹಾದಿಯಲ್ಲಿ. ಶಾಲೆಯ ಬಾಗಿಲಲ್ಲಿ ನಿಂತ ಬಂದೂಕು ಅಲ್ಲಿಗೆ ಮುಟ್ಟೀತೆ? ಕಬ್ಬಿನ ಗದ್ದೆ ಚಿರತೆಗೆ ಮರೆ, ಮುಸ್ಸಂಜೆ ಅದರ ಬೇಟೆಯ ವೇಳೆ. ಆದುದರಿಂದ ನರಸೀಪುರಕ್ಕೂ ನೆರೆಯ ನಂಜನಗೂಡಿಗೂ ಹಳ್ಳಿಗಳಿಂದ ಓದಲು ಬರುವ ಮಕ್ಕಳಿಗಾಗಿ ನಾನು ಕೇಳುವುದು ಮೂರೇ: ಹೊತ್ತಿರುವಾಗಲೇ ಊರು ಮುಟ್ಟಿಸುವ ಬಸ್ಸು, ಬೀದಿಯಲ್ಲಿ ದೀಪ, ಮನೆಗೊಂದು ಶೌಚಾಲಯ.