ಜೀನ್ ಹೋಯಿತು, ತಾರೀಖು ಬಂತು!



ಎಕ್ಸೆಲ್‌ನಲ್ಲಿ ಇಂಗ್ಲಿಷಿನಲ್ಲಿ 'ಮಾರ್ಚ್1' ಎಂದು ಟೈಪ್ ಮಾಡಿ ನೋಡಿ. ಅದು ತಾನಾಗಿಯೇ ತಾರೀಖಾಗಿ ಬದಲಾಗಿಬಿಡುತ್ತದೆ. ಲೆಕ್ಕಪತ್ರ ಬರೆಯುವವರಿಗೆ ಇದು ಅನುಕೂಲವೇ. ಆದರೆ ಜೀವವಿಜ್ಞಾನಿಗಳಿಗೆ 'ಮಾರ್ಚ್1', 'ಸೆಪ್ಟ್2' ಎಂಬವು ಮನುಷ್ಯನ ಜೀನುಗಳ ಹೆಸರಾಗಿದ್ದವು! ಸಾವಿರಾರು ಜೀನುಗಳ ಪಟ್ಟಿಯಲ್ಲಿ ಎರಡು ತಾರೀಖು ನುಸುಳಿದರೆ ಯಾರ ಕಣ್ಣಿಗೆ ಬಿದ್ದೀತು?

ಈ ಅಪಾಯದ ಬಗ್ಗೆ ವಿಜ್ಞಾನಿಗಳು 2004ರಲ್ಲೇ ಎಚ್ಚರಿಸಿದ್ದರು. 2016ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪರಿಶೀಲಿಸಿದಾಗ, ಎಕ್ಸೆಲ್ ಜೀನ್ ಪಟ್ಟಿ ಲಗತ್ತಿಸಿದ್ದ ಪ್ರಬಂಧಗಳಲ್ಲಿ ಸುಮಾರು ಐದಕ್ಕೊಂದರಲ್ಲಿ ಇಂಥ ತಪ್ಪು ಸಿಕ್ಕಿತು. ಕೊನೆಗೆ ಸೋತದ್ದು ವಿಜ್ಞಾನಿಗಳೇ. 2020ರಲ್ಲಿ ಜೀನುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಹೊಸ ನಿಯಮಗಳನ್ನು ಪ್ರಕಟಿಸಿತು. 'ಸೆಪ್ಟ್2' ಹೋಗಿ 'ಸೆಪ್ಟಿನ್2' ಆಯಿತು, 'ಮಾರ್ಚ್1' ಹೋಗಿ 'ಮಾರ್ಚ್‌ಎಫ್1' ಆಯಿತು. ಈ ಬದಲಾವಣೆಯನ್ನು ಬೇಡವೆನ್ನುವ ಸೌಲಭ್ಯವನ್ನು ಮೈಕ್ರೋಸಾಫ್ಟ್ ಎಲ್ಲರಿಗೂ ಕೊಟ್ಟದ್ದು 2023ರಲ್ಲಿ!

ಎಕ್ಸೆಲ್ ಪ್ರಯೋಗಾಲಯಕ್ಕೆಂದು ಹುಟ್ಟಿದ್ದಲ್ಲ, ನಿಜ. ಆದರೆ ಪಾಠ ಸ್ಪಷ್ಟ. ಬಳಸುವವರನ್ನು ಕೇಳದೆ ಮಾಡಿದ ತಂತ್ರಾಂಶ, ಅಳತೆ ತೆಗೆಯದೆ ಹೊಲಿದ ಅಂಗಿಯಂತೆ.

ಅಳತೆ ಸರಿಯಾಗಿ ಸಿಕ್ಕ ಉದಾಹರಣೆಯೂ ಇದೆ. 2001ರಲ್ಲಿ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಫರ್ನಾಂಡೋ ಪೆರೆಜ್ ತಮ್ಮ ಕೆಲಸಕ್ಕೆಂದೇ 'ಐಪೈಥಾನ್' ಬರೆದರು. ಅದು ಬೆಳೆದು 2014ರಲ್ಲಿ 'ಜುಪಿಟರ್' ಯೋಜನೆಯಾಯಿತು. ಲೆಕ್ಕ, ಚಿತ್ರ, ಟಿಪ್ಪಣಿ ಎಲ್ಲವೂ ಒಂದೇ ಪುಟದಲ್ಲಿ, ವಿಜ್ಞಾನಿಯ ನೋಟ್‌ಬುಕ್ಕಿನ ಹಾಗೆಯೇ! ಗುರುತ್ವ ಅಲೆಗಳನ್ನು ಪತ್ತೆ ಮಾಡಿದ ಲೈಗೋ ತಂಡ 2016ರಲ್ಲಿ ತನ್ನ ಲೆಕ್ಕಾಚಾರವನ್ನು ಜಗತ್ತಿಗೆ ತೋರಿಸಿದ್ದೂ ಇಂಥ ನೋಟ್‌ಬುಕ್ಕಿನಲ್ಲೇ.

ಹಾಗಂತ ಎಲ್ಲ ವಿಜ್ಞಾನಿಗಳೂ ಪ್ರೋಗ್ರಾಂ ಬರೆಯಬೇಕಿಲ್ಲ. ಬರೆಯುವವರು ಅವರ ಪಕ್ಕ ಕುಳಿತರೆ ಸಾಕು. 'ನಿಮಗೇನು ಬೇಕು?' ಎಂದು ಕೇಳುವುದಕ್ಕಿಂತ ಅವರು ಕೆಲಸ ಮಾಡುವುದನ್ನು ನೋಡಿ. ಯಾವುದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಾರೆ, ಎಲ್ಲಿ ತಡವರಿಸುತ್ತಾರೆ ಗಮನಿಸಿ. ಪರದೆಯ ನಕ್ಷೆಯನ್ನು ಮೊದಲು ಕಾಗದದಲ್ಲಿ ಬರೆದು ತೋರಿಸಿ. ಕಾಗದದ ಮೇಲಿನ ತಪ್ಪು ಅಳಿಸಲು ಒಂದು ರಬ್ಬರ್ ಸಾಕು. ಮುಖ್ಯವಾಗಿ, ವಿಜ್ಞಾನಿ ಕೊಟ್ಟ ಮಾಹಿತಿಯನ್ನು ಕೇಳದೆ ಬದಲಿಸಬೇಡಿ.

ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಕೇಳುಗರೇ, ನಿಮ್ಮ ಮುಂದಿನ ಪ್ರಾಜೆಕ್ಟ್ ಯಾವುದಾದರೂ ಪ್ರಯೋಗಾಲಯಕ್ಕಾಗಿದ್ದರೆ, ಮೊದಲ ದಿನವೇ ಅಲ್ಲಿಗೊಮ್ಮೆ ಹೋಗಿ ಬನ್ನಿ.