ಮೂಕಿಯ ಮೇಲೊಂದು ಪೆಟ್ಟಿಗೆ

ನವೆಂಬರ್ ಬಂತೆಂದರೆ ಗಲ್ಫಿನಲ್ಲಿರುವ ನಮಗೆಲ್ಲ ಹೋದ ಜೀವ ಬಂದ ಹಾಗೆ. ಬೇಸಿಗೆಯಿಡೀ ಎ.ಸಿ. ಕೆಳಗೆ ಕೂತವರು ಶನಿವಾರಕ್ಕೆ ಕಾದು ಮರುಭೂಮಿಗೋ ಬೆಟ್ಟಕ್ಕೋ ಹೊರಡುತ್ತೇವೆ. ಒಲೆ, ಚಾಪೆ, ಇದ್ದಿಲು, ನೀರಿನ ಕ್ಯಾನು, ಮಕ್ಕಳ ಚೆಂಡು ಎಂದು ಅರ್ಧ ಮನೆಯೇ ಗಾಡಿ ಹತ್ತುತ್ತದೆ.

ನಾವು ನಾಲ್ಕು ಕುಟುಂಬದವರು ಕೈಸೇರಿಸಿ ಒಂದು ಸಣ್ಣ ಕ್ಯಾಂಪರ್ ಟ್ರೈಲರ್ ಕೊಂಡಿದ್ದೇವೆ. ಹೊಸದೇನಲ್ಲ, ನಮ್ಮದು ಮೂರನೇ ಕೈ. ಒಳಗೆ ಹಾಸಿಗೆ, ಹಿಂದೆ ಅಡುಗೆಗೆ ಒಂದು ಕಟ್ಟೆ, ಅಷ್ಟೇ. ಸಾಮಾನಿಗೆ ಜಾಗವೇ ಇಲ್ಲ. ಆದರೆ ಮುಂದುಗಡೆ ಕಾರಿಗೆ ಸಿಕ್ಕಿಸುವ ತ್ರಿಕೋನದ ಕಬ್ಬಿಣದ ಚೌಕಟ್ಟು ಖಾಲಿ ಬಿದ್ದಿತ್ತು. ಅದನ್ನು ಇಂಗ್ಲಿಷಿನವರು ‘ಟಂಗ್’, ಅಂದರೆ ನಾಲಿಗೆ ಎನ್ನುತ್ತಾರೆ. ಹಾವೇರಿ ಕಡೆಯ ರೈತನ ಮಗನಾದ ನನಗೆ ಅದು ಕಂಡದ್ದು ಚಕ್ಕಡಿಯ ಮೂಕಿಯಾಗಿ. ಆ ಮೂಕಿಯ ಮೇಲೊಂದು ಅಲ್ಯೂಮಿನಿಯಂ ಪೆಟ್ಟಿಗೆ ಕೂರಿಸಿದರೆ ನಮ್ಮ ಕಷ್ಟ ಮುಗಿಯಿತು ಎಂದುಕೊಂಡೆವು.

ರಟ್ಟಿನ ಪೆಟ್ಟಿಗೆ ಮೊದಲು

ನಮ್ಮ ಗುಂಪಿನಲ್ಲಿ ಕುಂದಾಪುರದ ಅಣ್ಣ ಒಬ್ಬರಿದ್ದಾರೆ. ಶಾರ್ಜಾದಲ್ಲಿ ಇಪ್ಪತ್ತು ವರ್ಷದಿಂದ ಫ್ಯಾಬ್ರಿಕೇಶನ್ ಕೆಲಸ. ಅವರು ಅಂಗಡಿಗೆ ಹೋಗುವ ಮೊದಲು ನನ್ನಿಂದ ಆಸ್ಪತ್ರೆಯ ಖಾಲಿ ರಟ್ಟಿನ ಡಬ್ಬಗಳನ್ನು ತರಿಸಿದರು. ಅವನ್ನೇ ಕತ್ತರಿಸಿ, ಟೇಪು ಸುತ್ತಿ, ಪೆಟ್ಟಿಗೆಯ ಅಳತೆಯ ಒಂದು ಮಾದರಿ ಮಾಡಿ ಮೂಕಿಯ ಮೇಲಿಟ್ಟರು. ಆಮೇಲೆ ಕಾರನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ರಿವರ್ಸ್ ತೆಗೆಯಲು ಹೇಳಿದರು. ಎಡಕ್ಕೆ ತಿರುಗಿದಾಗ ಕಾರಿನ ಬಂಪರ್ ರಟ್ಟಿನ ಮೂಲೆಯನ್ನು ಜಜ್ಜಿಯೇಬಿಟ್ಟಿತು. ಅದು ಅಲ್ಯೂಮಿನಿಯಂ ಆಗಿದ್ದರೆ ಬಂಪರಿಗೇ ಏಟು ಬೀಳುತ್ತಿತ್ತು. ಕಾರಿನ ಹಿಂಬಾಗಿಲು ತೆರೆಯುತ್ತದೆಯೇ, ಮುಂಗಾಲಿಯ ಹಿಡಿಕೆ ತಿರುಗಿಸಲು ಕೈಗೆ ಜಾಗ ಇದೆಯೇ, ಕೊಂಡಿಯ ಹಿಡಿ ಮೇಲೇಳುತ್ತದೆಯೇ, ಸುರಕ್ಷತೆಯ ಸರಪಳಿಗೂ ಲೈಟಿನ ವೈರಿಗೂ ಏನೂ ತಗಲುವುದಿಲ್ಲವೇ ಎಂದೆಲ್ಲ ನೋಡಿ, ಒಂದು ಗೇಣು ಕಿರಿದಾದ ಪೆಟ್ಟಿಗೆ ತಂದೆವು.

ಕೂರಿಸುವಾಗ ನನ್ನದೊಂದು ಪೆದ್ದು ಪ್ರಶ್ನೆ: “ಅಣ್ಣಾ, ವೆಲ್ಡ್ ಮಾಡಿದರೆ ಗಟ್ಟಿಯಲ್ಲವಾ?”

“ಬೇಡ ಮಾರಾಯ, ಇದು ಗ್ಯಾಲ್ವನೈಜ್ ಮಾಡಿದ ಕಬ್ಬಿಣ. ವೆಲ್ಡ್ ಮಾಡಿದ್ರೆ ಸತುವಿನ ಲೇಪ ಸುಟ್ಟು ಅಲ್ಲಿಂದಲೇ ತುಕ್ಕು ಶುರು. ಆ ಹೊಗೆ ಕುಡಿದ್ರೆ ನಂಗೂ ಜ್ವರ. ಇಡೀ ಟ್ರೈಲರ್ ಎಳಿಯುದು ಈ ಎರಡು ಕಂಬಿ, ಅದಕ್ಕೆ ತೂತು ಕೊರೆಯುದೂ ಬೇಡ.”

ಹಾಗಾಗಿ ಕೆಳಗೆ ಅಡ್ಡಪಟ್ಟಿ ಕೊಟ್ಟು, ಚೌಕಟ್ಟನ್ನು ಬಳಸಿ ಹಿಡಿಯುವ ಯು-ಬೋಲ್ಟ್ ಹಾಕಿದರು. ಅಲ್ಯೂಮಿನಿಯಂ ಮತ್ತು ಕಬ್ಬಿಣ ನೇರ ತಾಗಿದರೆ ಇಲ್ಲಿನ ಉಪ್ಪುಗಾಳಿಗೆ ಬೇಗ ಸವೆಯುತ್ತವೆಂದು ನಡುವೆ ರಬ್ಬರ್ ಹಾಸಿದರು. ಅಲುಗಾಟಕ್ಕೆ ಸಡಿಲವಾಗದ ನೈಲಾನ್ ಬಳೆಯ ನಟ್ಟು ಬಿಗಿದರು. ಯಾರೋ ಗ್ಯಾಸ್ ಸಿಲಿಂಡರನ್ನೂ ಅದರೊಳಗೇ ಇಡೋಣ ಎಂದಾಗ ಅಣ್ಣ ಗದರಿದರು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ತಳದಲ್ಲಿ ನಿಲ್ಲುತ್ತದೆ. ನಮ್ಮದು ಧೂಳು ನುಗ್ಗದಂತೆ ರಬ್ಬರ್ ಅಂಚು ಹಾಕಿ ಮುಚ್ಚಿದ ಪೆಟ್ಟಿಗೆ. ಸಿಲಿಂಡರಿಗೆ ತಳದಲ್ಲಿ ಗಾಳಿಕಂಡಿ ಇರುವ ಬೇರೆಯೇ ಗೂಡು ಬೇಕು.

ಎದುರಿನವರು ಲೈಟ್ ಹೊಡೆದರು

ಮುಂದಿನ ಶನಿವಾರ ಬೆಳಕು ಹರಿಯುವ ಮೊದಲೇ ಹತ್ತಾ ಬೆಟ್ಟದ ಕಡೆ ಹೊರಟೆವು. ಪೆಟ್ಟಿಗೆ ತುಂಬಿದ್ದು ನಾನೇ. 20 ಲೀಟರಿನ ಎರಡು ನೀರಿನ ಕ್ಯಾನು, ಇದ್ದಿಲು, ಜ್ಯಾಕ್, ಹಗ್ಗ, ಚಕ್ರಕ್ಕೆ ಕೊಡುವ ಅಡೆ, ಚಾಪೆ, ಎಲ್ಲದರ ಮೇಲೆ ಔಷಧದ ಚೀಲ. ಒಂದಿಷ್ಟೂ ಜಾಗ ಬಿಡದೆ ತುಂಬಿದ್ದಕ್ಕೆ ನನಗೆ ಹೆಮ್ಮೆ.

ದಾರಿಯಲ್ಲಿ ಎದುರು ಬರುವವರೆಲ್ಲ ನಮಗೆ ಲೈಟ್ ಹೊಡೆಯತೊಡಗಿದರು. ನಾನು ಡಿಪ್‌ನಲ್ಲೇ ಇದ್ದೆ. ಇವರಿಗೇನಾಗಿದೆ ಎಂದು ಗೊಣಗಿದೆ. ಬೆಟ್ಟದ ತಿರುವೊಂದರಲ್ಲಿ ಸ್ಟೇರಿಂಗ್ ತಿರುಗಿಸಿದರೆ ಕಾರಿನ ಮೂತಿ ತಿರುಗಲೊಲ್ಲದು. ಬ್ರೇಕ್ ಒತ್ತಿದಾಗ ಇನ್ನಷ್ಟು ಹೊರಕ್ಕೆ ಜಾರಿ, ಅಂಚಿನ ಬಿಳಿಗೆರೆ ದಾಟಿ ಜಲ್ಲಿಯ ಮೇಲೆ ನಿಂತಿತು. ಹಿಂದಿನ ಸೀಟಿನಲ್ಲಿ ನನ್ನ ಇಬ್ಬರು ಮಕ್ಕಳು. ಯಾರಿಗೂ ಏನೂ ಆಗಲಿಲ್ಲ. ಹೆಂಡತಿ ಮಾತಾಡಲಿಲ್ಲ. ಅಲ್ಲಿಂದ ಮುಂದೆ ಆಮೆ ನಡಿಗೆ.

ಮಧ್ಯಾಹ್ನ ಎರಡನೇ ಪಾಠ. ಊಟಕ್ಕೆ ಮೊದಲು ಅಣ್ಣ ಇನ್ಸುಲಿನ್ ಕೇಳಿದರು. ಬಿಸಿಲಿಗೆ ಬಿದ್ದಿದ್ದ ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಮುಖಕ್ಕೆ ಹಬೆ ಹೊಡೆಯಿತು. ಹೊರಗೆ ಹಿತವಾದ ಚಳಿಗಾಲ, ಒಳಗೆ ಒಲೆ. ಪೆನ್ನು ಮುಟ್ಟಿದರೆ ಬೆಚ್ಚಗಿತ್ತು. ಬಳಕೆಯಲ್ಲಿರುವ ಇನ್ಸುಲಿನ್ ಪೆನ್ನು ಸಾಮಾನ್ಯವಾಗಿ 30 ಡಿಗ್ರಿ ದಾಟಬಾರದು, ತೆರೆಯದ್ದು 2ರಿಂದ 8 ಡಿಗ್ರಿಯಲ್ಲಿರಬೇಕು, ಐಸಿಗೆ ನೇರ ತಾಗಿಸಬಾರದು ಎಂದು ಆಸ್ಪತ್ರೆಯ ಕಿಟಕಿಯಲ್ಲಿ ದಿನಕ್ಕೆ ಹತ್ತು ಸಲ ಹೇಳುವವನು ನಾನು. ಬಿಸಿಗೆ ಕೆಟ್ಟ ಇನ್ಸುಲಿನ್ ನೋಡಲು ಚೆನ್ನಾಗಿಯೇ ಕಾಣಬಹುದು, ಆದರೆ ಕೆಲಸ ಮಾಡುತ್ತದೆಂಬ ಭರವಸೆ ಇರುವುದಿಲ್ಲ.

“ಹಾಕ್ಕೊಳ್ಳಬಹುದಾ?” ಎಂದರು.

“ಬೇಡ ಅಣ್ಣಾ,” ಎಂದೆ. ಬೇರೆ ಪೆನ್ನು ಮನೆಯ ಫ್ರಿಜ್ಜಿನಲ್ಲಿತ್ತು. ತಾವೇ ಹುರಿದ ಮೀನನ್ನು ಮುಟ್ಟದೆ ಅವರು ಸುಮ್ಮನೆ ಗಂಟುಮೂಟೆ ಕಟ್ಟತೊಡಗಿದರು. ಬೈದಿದ್ದರೆ ಒಳ್ಳೆಯದಿತ್ತು.

ಹೊರಡುವಾಗ ಕಾರಿನ ಹಿಂಭಾಗ ಕುಸಿದದ್ದು ಅವರ ಕಣ್ಣಿಗೆ ಬಿತ್ತು. ನೀರಿನ ಕ್ಯಾನು, ಇದ್ದಿಲು ತೆಗೆಸಿ ಟ್ರೈಲರಿನೊಳಗೆ ಚಕ್ರದ ನೇರಕ್ಕೆ ಇಡಿಸಿ ಕಟ್ಟಿಸಿದರು. ಬರುವಾಗ ಸ್ಟೇರಿಂಗ್ ಹೇಳಿದ ಮಾತು ಕೇಳಿತು. ಕತ್ತಲಾದ ಮೇಲೂ ಯಾರೂ ಲೈಟ್ ಹೊಡೆಯಲಿಲ್ಲ. ಮನೆ ಸೇರಿ ಅಣ್ಣನ ಸಕ್ಕರೆ ನೋಡಿ, ಹೊಸ ಪೆನ್ನು ಕೈಗೆ ಕೊಟ್ಟ ಮೇಲೆಯೇ ನಾನು ಊಟಕ್ಕೆ ಕೂತದ್ದು.

ಮನೆಯ ತಕ್ಕಡಿಯಲ್ಲಿ

ಭಾನುವಾರ ಸಾಮಾನನ್ನೆಲ್ಲ ಮತ್ತೆ ಮೊದಲಿನಂತೆಯೇ ತುಂಬಿ ತೂಗಿದೆವು. ಸಮನೆಲದಲ್ಲಿ ಟ್ರೈಲರ್ ಬಿಚ್ಚಿ, ಚಕ್ರಗಳಿಗೆ ಅಡೆ ಕೊಟ್ಟು, ನಾವು ನಿಂತು ತೂಕ ನೋಡುವ ಯಂತ್ರದ ಮೇಲೆ ಮರದ ತುಂಡಿಟ್ಟು, ಕಾರಿಗೆ ಸಿಕ್ಕಿಸುವ ಎತ್ತರದಲ್ಲೇ ಕೊಂಡಿಯನ್ನು ಇಳಿಸಿದೆವು. 140 ಕೆ.ಜಿ. ನಮ್ಮ ಕಾರಿನ ಕೊಂಡಿ ತಾಳುವುದು 100.

ಲೆಕ್ಕ ಸುಲಭ. ನಮ್ಮ ಕೊಂಡಿಯಿಂದ ಚಕ್ರದ ಅಚ್ಚಿಗೆ 3 ಮೀಟರ್. ಪೆಟ್ಟಿಗೆಯ ನಡು ಕೊಂಡಿಯಿಂದ 60 ಸೆಂ.ಮೀ. ಹಿಂದೆ. ಹಾಗಾಗಿ ಪೆಟ್ಟಿಗೆಯಲ್ಲಿ ಇಟ್ಟದ್ದರ ನೂರಕ್ಕೆ 80 ಪಾಲು ಕೊಂಡಿಯ ಮೇಲೆ ಬೀಳುತ್ತದೆ. ಪೆಟ್ಟಿಗೆ 20 ಕೆ.ಜಿ., ಸಾಮಾನು 80 ಕೆ.ಜಿ., ಎರಡೂ ಸೇರಿ ಕೊಂಡಿಗೆ 80 ಹೊರೆ. ಮೊದಲೇ ಇದ್ದದ್ದು 60. ಅದೇ ಸಾಮಾನು ಅಚ್ಚಿನ ನೇರಕ್ಕಿದ್ದರೆ ಕೊಂಡಿಗೆ ಏನೂ ಸೇರುವುದಿಲ್ಲ. ನೀರು, ಇದ್ದಿಲಿನ 55 ಕೆ.ಜಿ. ಅಲ್ಲಿಗೆ ಹೋದ ಮೇಲೆ ತೂಕ 96ಕ್ಕೆ ಇಳಿಯಿತು. ಒಟ್ಟು 850 ಕೆ.ಜಿ.ಯ ಟ್ರೈಲರಿಗೆ ಇದು ನೂರಕ್ಕೆ 11.

ಸಾಮಾನ್ಯವಾಗಿ ಇಂಥ ಟ್ರೈಲರಿಗೆ ನೂರಕ್ಕೆ 10ರಿಂದ 15ರಷ್ಟು ಮುಂಭಾರ ಹೇಳುತ್ತಾರೆ, ಆದರೆ ಕಾರು ಮತ್ತು ಕೊಂಡಿಯ ಮಿತಿ ಯಾವುದು ಕಡಿಮೆಯೋ ಅದನ್ನು ದಾಟುವಂತಿಲ್ಲ. ಮುಂಭಾರ ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರದ ಹಿಡಿತ ಹೋಗುತ್ತದೆ, ಲೈಟು ಆಕಾಶ ನೋಡುತ್ತದೆ. ತೀರಾ ಕಡಿಮೆಯಾದರೆ ಟ್ರೈಲರ್ ಹಾವಿನಂತೆ ಓಲಾಡುತ್ತದೆ. ಪೆಟ್ಟಿಗೆ ಬರುವ ಮೊದಲು ಲಾರಿ ದಾಟಿದಾಗಲೆಲ್ಲ ನಮ್ಮದು ಓಲಾಡುತ್ತಿದ್ದುದು ಇದಕ್ಕೇ. ಕಡಿಮೆಯಾದರೂ ಕೆಲಸವಿಲ್ಲ, ಹೆಚ್ಚಾದರೂ ಅಪಾಯ. ಔಷಧದ ಡೋಸಿನ ಹಾಗೆಯೇ.

ಆ ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಹೇಳಿದೆ. ಅವರು ನಕ್ಕರು. “ತಮ್ಮಾ, ಮುಂದ ಹೇರಿದ್ರ ಎತ್ತಿನ ಹೆಗಲು ಹುಣ್ಣಾಗ್ತೈತಿ, ಹಿಂದ ಹೇರಿದ್ರ ನೊಗ ಮ್ಯಾಲ ಏಳ್ತೈತಿ. ಇದನ್ನ ತಿಳಕೊಳ್ಳಾಕ ದುಬೈ ತನಕ ಹೋದೇನು?”

ಪೆಟ್ಟಿಗೆ ಈಗಲೂ ಮೂಕಿಯ ಮೇಲಿದೆ. ಅದರಲ್ಲಿ ಹಗ್ಗ, ಅಡೆ, ಜ್ಯಾಕ್, ಚಾಪೆ ಸೇರಿ 25 ಕೆ.ಜಿ. ಮಾತ್ರ. ಅಷ್ಟೆಂದು ಮುಚ್ಚಳದ ಒಳಗೆ ಪೇಂಟಿನಲ್ಲಿ ಬರೆದಿದ್ದೇವೆ. ಪ್ರತಿ ಸಲ ಹೊರಡುವ ಮೊದಲು ನಟ್ಟು ಬಿಗಿ ನೋಡುತ್ತೇವೆ. ನೀವೂ ಕೂರಿಸುವವರಿದ್ದರೆ, ನೀವಿರುವ ದೇಶದ ವಾಹನ ನೋಂದಣಿ ಕೇಂದ್ರದಲ್ಲಿ ಮೊದಲೇ ಕೇಳಿಕೊಳ್ಳಿ. ನಾವು ಕೂರಿಸಿದ ಮೇಲೆ ಕೇಳಲು ಹೋದವರು.

ಔಷಧದ ಚೀಲ ಈಗ ನನ್ನ ಹೆಂಡತಿಯ ಕಾಲ ಬಳಿ, ಎ.ಸಿ. ಗಾಳಿಗೆ, ತಂಪು ಚೀಲದೊಳಗೆ ಇರುತ್ತದೆ. ಹೊರಡುವಾಗ ಪ್ರತಿ ಸಲ ಅಣ್ಣ ಕಿಟಕಿಗೆ ಬಗ್ಗಿ ಕೇಳುತ್ತಾರೆ: “ನಮ್ಮ ಪೆನ್ನು ಎಲ್ಲುಂಟು, ಫಾರ್ಮಸಿಸ್ಟರೇ?”