ಸಿಂಪಿಯ ಮರಿಗಳಿಗೆ ಬ್ಯಾಕ್ಟೀರಿಯಗಳ ಕಾವಲು

ಆಹಾರಕ್ಕಾಗಿ ಸಾಕುವ ಸಿಂಪಿಗೆ ಲಸಿಕೆ ಹಾಕಿ ಪ್ರಯೋಜನವಿಲ್ಲ. ಒಮ್ಮೆ ಬಂದ ರೋಗವನ್ನು ಗುರುತಿಟ್ಟು ಅದಕ್ಕೆ ತಕ್ಕ ಪ್ರತಿಕಾಯಗಳನ್ನು ತಯಾರಿಸುವ ಶಕ್ತಿ ನಮ್ಮ ರಕ್ತಕ್ಕಿರುವಂತೆ ಅದರ ರಕ್ತಕ್ಕಿಲ್ಲ. ಮರಿಯಂತೂ ಎರಡು ಮೂರು ವಾರಗಳ ಕಾಲ ನೀರಿನಲ್ಲಿ ಈಜಾಡುತ್ತ, ಸಿಕ್ಕಿದ ಸೂಕ್ಷ್ಮಕಣಗಳನ್ನು ನುಂಗುತ್ತ ಬೆಳೆಯಬೇಕು. ಇಂತಹ ಲಕ್ಷಾಂತರ ಮರಿಗಳಿರುವ ತೊಟ್ಟಿಯನ್ನು ವಿಬ್ರಿಯೊ ಜಾತಿಯ ಕೆಲವು ಬ್ಯಾಕ್ಟೀರಿಯಗಳು ಹೊಕ್ಕರೆ ಒಂದೆರಡು ದಿನಗಳಲ್ಲಿಯೇ ತೊಟ್ಟಿ ಬರಿದಾದೀತು. ಅಮೆರಿಕದ ಟ್ಯೂಬಿಯಾಶ್ ಮತ್ತು ಅವರ ಸಂಗಡಿಗರು ಮರಿಗಳ ಈ ರೋಗವನ್ನು 1965ರಲ್ಲಿ ವರ್ಣಿಸಿದರು.

ಪ್ರತಿಜೈವಿಕ ಔಷಧವನ್ನು ನೀರಿಗೆ ಬೆರೆಸಬಾರದೇಕೆ? ಬೆರೆಸಿದ ಮದ್ದು ತೊಟ್ಟಿಯಲ್ಲಿಯೇ ಉಳಿಯದು; ಹೊರಹರಿದ ನೀರಿನೊಡನೆ ಕಡಲನ್ನು ಸೇರಿ, ಮದ್ದಿಗೆ ಮಣಿಯದ ಬ್ಯಾಕ್ಟೀರಿಯಗಳು ಹೆಚ್ಚಲು ದಾರಿಮಾಡುವುದು. ಆದುದರಿಂದ ಅಮೆರಿಕದ ಪೂರ್ವ ತೀರದ ರೋಡ್ ಐಲೆಂಡ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು, ಸಿಂಪಿಯ ಚಿಪ್ಪಿನ ಒಳಮೈಯಿಂದಲೇ ಬೇರ್ಪಡಿಸಿದ ಫಿಯೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯದ ನೆರವನ್ನು ಪಡೆದರು.

ಇದು ಮೇಲ್ಮೈಗಳಿಗೆ ಅಂಟಿ ಒತ್ತಾದ ಪದರವಾಗಿ ಬೆಳೆಯುವುದು; ವಿಬ್ರಿಯೊವನ್ನು ತಡೆಯುವ ಒಂದು ಆಮ್ಲವನ್ನೂ ತಯಾರಿಸುವುದು. ಆದರೆ ಭೌತವಿಜ್ಞಾನಿಯಾದ ನನಗೆ ಹೆಚ್ಚು ಸ್ವಾರಸ್ಯವೆನಿಸಿರುವುದು ಇದರ ಮೂರನೆಯ ಉಪಾಯ. ಅನೇಕ ಬ್ಯಾಕ್ಟೀರಿಯಗಳು ಒಂದು ಬಗೆಯ ಸಂಕೇತಾಣುಗಳನ್ನು ಹೊರಸೂಸುತ್ತಿರುತ್ತವೆ. ಬಯಲಿನಲ್ಲಿ ಹಚ್ಚಿದ ಒಂದು ಊದುಬತ್ತಿಯ ವಾಸನೆ ಗಾಳಿಯಲ್ಲಿ ಚೆದರಿಹೋಗುವಂತೆ, ಜೀವಿಗಳು ವಿರಳವಾಗಿದ್ದಾಗ ಈ ಅಣುಗಳು ವಿಸರಣದಿಂದ ಚೆದರಿಹೋಗುವುವು. ಸಣ್ಣ ಕೋಣೆಯಲ್ಲಿ ನೂರು ಬತ್ತಿಗಳನ್ನು ಹಚ್ಚಿದರೆ? ಹಾಗೆಯೇ ಜೀವಿಗಳು ಒತ್ತಾದಾಗ ಅಣುಗಳ ಸಾಂದ್ರತೆ ಒಂದು ಮಿತಿಯನ್ನು ದಾಟುವುದು. ಗುಂಪು ಕೂಡಿತೆಂಬುದು ಪ್ರತಿಯೊಂದು ಜೀವಿಗೂ ತಿಳಿಯುವುದು. ಆಮೇಲೆ ನಡೆಯುವ ಕಾರ್ಯವೆಲ್ಲ ಒಟ್ಟಾಗಿಯೇ. ವಿಬ್ರಿಯೊ ಮರಿಗಳಿಗೆ ಮಾರಕವಾದ, ಪ್ರೋಟೀನನ್ನು ಒಡೆಯುವ ಕಿಣ್ವಗಳನ್ನು ತಯಾರಿಸುತ್ತದೆ. ಫಿಯೊಬ್ಯಾಕ್ಟರ್ ತನ್ನ ಸಂಕೇತಾಣುಗಳನ್ನು ನೀರಿಗೆ ಬಿಟ್ಟು ಈ ತಯಾರಿಕೆಯನ್ನೇ ತಗ್ಗಿಸುವುದೆಂದು 2019ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಹಾವು ಸಾಯಲಿಲ್ಲ, ಹಲ್ಲು ಕಿತ್ತಿತು.

ಒಂದು ತೊಡಕುಂಟು. 2013ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಈ ಮಿತ್ರಜೀವಿಯನ್ನು ಒಂದು ದಿನ ಮೊದಲೇ ಪಡೆದಿದ್ದ ಮರಿಗಳು ರೋಗಾಣುವಿನ ದಾಳಿಯನ್ನು ಇತರ ಮರಿಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ತಾಳಿಕೊಂಡವು. ಆದರೆ ಮಿತ್ರಜೀವಿಯನ್ನು ನೀರಿನಿಂದ ತೆಗೆದ ಒಂದೇ ದಿನದಲ್ಲಿ ಆ ರಕ್ಷಣೆ ಇಲ್ಲವಾಯಿತು. ಲಸಿಕೆ ದೇಹದಲ್ಲಿ ನೆನಪನ್ನು ಉಳಿಸಿಹೋಗುವುದು. ಇಲ್ಲಿ ಕಾವಲುಗಾರ ಹೋದೊಡನೆ ಕಾವಲೂ ಹೋಗುವುದು. ಆದುದರಿಂದ ಮರಿಗಳಿಗೆ ಪಾಚಿಯ ಮೇವನ್ನು ಹಾಕುವವರು ಅದರೊಡನೆ ಈ ಬ್ಯಾಕ್ಟೀರಿಯವನ್ನೂ ನೀರಿಗೆ ಮತ್ತೆ ಮತ್ತೆ ಬೆರೆಸುತ್ತಿರಬೇಕು.